ಹಿತ್ತಲ ಕನ್ನಡಿಯಿಂದ ಅಡುಗೆಮನೆಗೆ ಬಿಸಿಲು ತಂದೆ

ಶಿರಸಿ ಕಡೆಯ ಹಳೆಯ ಮನೆಗಳನ್ನು ಕಟ್ಟಿದ್ದು ಮಳೆಯನ್ನು ಲೆಕ್ಕಕ್ಕೆ ಹಿಡಿದು. ಹೆಂಚಿನ ಮಾಡು, ತಲೆ ತಾಗುವಷ್ಟು ಇಳಿದ ಸೂರು, ಸಣ್ಣ ಕಿಟಕಿ. ನಮ್ಮ ಅಡುಗೆಮನೆಯ ಒಂದೇ ಕಿಟಕಿ ಇರುವುದು ಉತ್ತರಕ್ಕೆ. ಎಷ್ಟೋ ವರ್ಷದ ಒಲೆಯ ಹೊಗೆಗೆ ಗೋಡೆಯೂ ಮಾಡೂ ಮಸಿ ಹಿಡಿದು ಕರ್ರಗಾಗಿವೆ. ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು. ಕರೆಂಟ್ ಹೋದರೆ ಆಯಿ ಅಕ್ಕಿ ಆರಿಸಲು ಮೊರ ಹಿಡಿದು ಜಗಲಿಗೆ ಬರುತ್ತಿದ್ದಳು. ಹೊರಗೆ ಅಷ್ಟು ಬಿಸಿಲು ಸುಮ್ನೆ ಬಿದ್ದಿರುವಾಗ ಒಳಗೆ ಆಯಿ ಕತ್ತಲಲ್ಲಿ ತಡಕಾಡುವುದನ್ನು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

ನಾರ್ವೆಯ ರ್ಯುಕಾನ್ ಎಂಬ ಊರಿನ ಬಗ್ಗೆ ಓದಿದ್ದೆ. ಕಣಿವೆಯ ಊರು ಅದು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ನೇರ ಬಿಸಿಲು ಕಾಣುವುದಿಲ್ಲ. 2013ರಲ್ಲಿ ಗುಡ್ಡದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬಿಸಿಲು ಇಳಿಸಿದರು. ನನಗೆ ಬೇಕಾದದ್ದು ಇಳಿಸುವುದಲ್ಲ, ಏರಿಸುವುದು. ಆಕಾಶದ ಬೆಳಕನ್ನು ಸೂರು ತಡೆಯುತ್ತದೆ. ಕೆಳಗಿನಿಂದ ಬಂದದ್ದನ್ನು ತಡೆಯಲಾರದು, ಅಲ್ವಾ? ನಮ್ಮ ಹಿತ್ತಲು ಮನೆಗಿಂತ ಮೂರು ಅಡಿ ತಗ್ಗಿನಲ್ಲಿದೆ. ಅಲ್ಲಿ ಕನ್ನಡಿ ಇಟ್ಟರೆ ಬೆಳಕು ಸೂರಿನ ಅಡಿಯಿಂದ ನುಗ್ಗಿ ಕಿಟಕಿಯೊಳಗೆ ಹೋಗುತ್ತದೆ.

ಹಳೆಯ ಕಪಾಟಿನ ಕನ್ನಡಿ ಅಟ್ಟದಲ್ಲಿತ್ತು. ಅಗಲ ಒಂದಡಿ, ಉದ್ದ ಒಂದೂವರೆ. ಒಂದು ಚದರ ಅಡಿಯ ಮೇಲೆ ಬೀಳುವ ನಡುಹಗಲಿನ ಬಿಸಿಲು ಸುಮಾರು 9 ಸಾವಿರ ಲೂಮೆನ್. 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದು 900ರ ಆಸುಪಾಸು. ಕನ್ನಡಿ ಸ್ವಲ್ಪ ನುಂಗುತ್ತದೆ, ಓರೆಯಾಗಿ ನಿಲ್ಲಿಸಿದರೆ ಇನ್ನಷ್ಟು ಹೋಗುತ್ತದೆ. ಅಷ್ಟಾದರೂ ಒಂದು ಕೋಣೆಗೆ ಧಾರಾಳ.

ಜನವರಿಯ ಒಂದು ಬೆಳಿಗ್ಗೆ, ಹತ್ತೂವರೆ ಹೊತ್ತಿಗೆ, ಕಿಟಕಿಯಿಂದ 20 ಅಡಿ ದೂರದಲ್ಲಿ ಕನ್ನಡಿಯನ್ನು ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದೆ. ಬೆಳಕು ಕನ್ನಡಿಗೆ ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ಆಚೆ ಬದಿಗೆ ಹೊರಡುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಕೈಯಲ್ಲಿ ಮಾಡುವಾಗ ಮುಖ್ಯವಾಗುವುದು ಅದರ ಮುಂದಿನ ಮಾತು: ಕನ್ನಡಿಯನ್ನು 1 ಡಿಗ್ರಿ ತಿರುಗಿಸಿದರೆ ಬೆಳಕು 2 ಡಿಗ್ರಿ ತಿರುಗುತ್ತದೆ. 20 ಅಡಿ ದೂರದಲ್ಲಿ ಅದು 8 ಇಂಚಿಗೂ ಜಾಸ್ತಿ. ಕೈ ಸ್ವಲ್ಪ ಅಲುಗಿದರೆ ಬಿಸಿಲಿನ ಚೌಕ ಕಿಟಕಿ ಬಿಟ್ಟು ಹೆಂಚಿನ ಮೇಲೆ ಹೋಗಿ ಕೂರುತ್ತಿತ್ತು. ಕಡೆಗೆ ಒಂದು ಉಪಾಯ ಸಿಕ್ಕಿತು. ಚೌಕವನ್ನು ಮೊದಲು ಕನ್ನಡಿಯ ಮುಂದಿನ ನೆಲಕ್ಕೆ ಬೀಳಿಸಬೇಕು. ಅಲ್ಲಿಂದ ನಿಧಾನಕ್ಕೆ ನಡೆಸಿಕೊಂಡು ಗೋಡೆ ಹತ್ತಿಸಬೇಕು. ಕಣ್ಣಿಗೆ ಕಾಣುತ್ತಲೇ ಇರುವುದರಿಂದ ತಪ್ಪಿಹೋಗುವುದಿಲ್ಲ.

ಚೌಕ ಒಳಗೆ ಹೋಯಿತು. ಆದರೆ ಅಡುಗೆಮನೆ ಬೆಳಗಲಿಲ್ಲ. ಎದುರಿನ ಮಸಿಗೋಡೆಯ ಮೇಲೆ ಒಂದು ಮಂಕು ತೇಪೆ ಬಿತ್ತು, ಅಷ್ಟೇ. ಸುತ್ತ ಮೊದಲಿನದೇ ಕತ್ತಲೆ. ಚೌಕವನ್ನು ತುಸು ಕೆಳಗಿಳಿಸಿದರೆ ಆಯಿಯ ಮುಖಕ್ಕೇ ಹೊಡೆಯಿತು. "ತಮಾ, ತೆಗಿಯೋ ಅದನ್ನ, ಕಣ್ಣು ಕುಕ್ತು!" ಎಂದು ಕೂಗಿದಳು. ನಾನು ಓಡಿ ಕನ್ನಡಿಯ ಮೇಲೆ ಪಂಚೆ ಹಾಕಿದೆ. ಕನ್ನಡಿಯಿಂದ ಬರುವ ಬಿಸಿಲೂ ಸೂರ್ಯನಷ್ಟೇ ಅಪಾಯದ್ದು, ಕಣ್ಣಿನ ಮಟ್ಟಕ್ಕೆ ಅದನ್ನು ಯಾವತ್ತೂ ಬಿಡಬಾರದು.

ಅವತ್ತು ರಾತ್ರಿ ಕೂತು ಯೋಚಿಸಿದಾಗ ನನ್ನ ತಪ್ಪು ಗೊತ್ತಾಯಿತು. ಕನ್ನಡಿ ಬೆಳಕನ್ನು ಎಸೆಯುತ್ತದೆ, ಹಂಚುವುದಿಲ್ಲ. ಅದರ ಮೈ ಅಷ್ಟು ನುಣುಪು. ಒಟ್ಟಿಗೆ ಬಂದ ಕಿರಣಗಳು ಒಟ್ಟಿಗೇ ಹೋಗುತ್ತವೆ. ಹಂಚುವ ಕೆಲಸ ಬಿಳಿ ಗೋಡೆಯದು. ಸುಣ್ಣದ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳಿಂದ ತುಂಬಿರುತ್ತದೆ, ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ನಮ್ಮ ಮಸಿಗೋಡೆ ಬಂದದ್ದನ್ನೆಲ್ಲ ನುಂಗಿ ಕೂತಿತ್ತು. ನನಗೆ ಕನ್ನಡಿಯೂ ಬೇಕಿತ್ತು, ಸುಣ್ಣವೂ ಬೇಕಿತ್ತು.

ಮರುದಿನ ಎದುರುಗೋಡೆಯ ಮೇಲ್ಭಾಗದಲ್ಲಿ, ಏಳು ಅಡಿ ಎತ್ತರದಿಂದ ಮೇಲಕ್ಕೆ, ಮಸಿ ಕೆರೆದು ಸುಣ್ಣ ಬಳಿದೆ. ಎರಡು ಕೈ ಸಾಲಲಿಲ್ಲ, ಮೂರನೆಯದೂ ಬೇಕಾಯಿತು. ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಬಟ್ಟೆ ಕಟ್ಟಿದೆ. ಒಣಗಿದ ಮೇಲೆ ಚೌಕವನ್ನು ಆ ಬಿಳಿಯ ಮೇಲೆ ಬಿಟ್ಟೆ. ಕೋಣೆ ಇಡೀ ತಿಳಿಯಾಯಿತು. ಒಲೆಯ ಹಿಂದಿನ ಮೂಲೆ ಕಂಡಿತು, ಗಡಿಗೆಗಳ ಸಾಲು ಕಂಡಿತು. ಆಯಿ ಮೊರ ಹಿಡಿದು ಅಲ್ಲೇ ಕೂತಳು. "ಈಗ ಅಕ್ಕಿಲಿರೋ ಕಲ್ಲು ಕಾಣ್ತು ತಮಾ" ಎಂದಳು.

ಚೌಕದ ಅಂಚು ಚೂಪಾಗಿರಲಿಲ್ಲ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿಯಷ್ಟು ಅಗಲದ ಬಿಲ್ಲೆ, ಅದಕ್ಕೇ ಬೆಳಕು ದೂರ ಹೋದಂತೆ ತುಸು ಹರಡುತ್ತದೆ. ಒಂದು ದಿನ ಚೌಕದ ನಡು ಸಣ್ಣಗಾಗಿ ಡಮರುವಿನ ಹಾಗೆ ಕಂಡಿತು. ನೋಡಿದರೆ ಒಂದು ಸ್ಕ್ರೂ ಬಿಗಿಯಾಗಿ ತೆಳು ಗಾಜು ಬಾಗಿತ್ತು. ಸಡಿಲ ಮಾಡಿದೆ, ಸರಿಹೋಯಿತು. ಒಳಬಾಗಿದ ಕನ್ನಡಿ ಬಿಸಿಲನ್ನು ಒಂದೆಡೆ ಕೂಡಿಸುತ್ತದೆ, ಬೆಂಕಿಯೂ ಹತ್ತಬಹುದು. ಆದ್ದರಿಂದ ಗಡ್ಡ ಹೆರೆಯಲು ಇಟ್ಟುಕೊಳ್ಳುವ, ಮುಖ ದೊಡ್ಡದಾಗಿ ಕಾಣುವ ಕನ್ನಡಿಯನ್ನು ಈ ಕೆಲಸಕ್ಕೆ ಬಳಸಬೇಡಿ, ಬಿಸಿಲಲ್ಲಿ ಇಡಲೂ ಬೇಡಿ.

ಗಾಜಿನ ಹಿಂದೆ ಇರುವುದು ಬೆಳ್ಳಿಯ ಬಲು ತೆಳು ಪದರ, ಅದರ ಮೇಲೆ ಬಣ್ಣದ ಕವಚ. ಗಾಜಿಗೆ ಬೆಳ್ಳಿ ಹಿಡಿಸುವ ರಾಸಾಯನಿಕ ದಾರಿಯನ್ನು 1835ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ತೋರಿಸಿಕೊಟ್ಟ. ನಮ್ಮಲ್ಲಿ ಆ ಬೆಳ್ಳಿಗೆ ಶತ್ರು ತೇವ. ಅಂಚಿನಿಂದ ಒಳಗೆ ಹೊಕ್ಕು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕುಮಟಾ, ಕಾರವಾರದ ಕಡೆ ಉಪ್ಪುಗಾಳಿಯೂ ಸೇರಿ ಇನ್ನೂ ಬೇಗ ಹಾಳಾಗುತ್ತದೆ. ನಾನು ನಾಲ್ಕೂ ಅಂಚಿಗೆ, ಹಿಂಬದಿಗೆ ಎಣ್ಣೆಬಣ್ಣ ಹಚ್ಚಿದೆ. ಕೆಲಸವಿಲ್ಲದಾಗ ಬಟ್ಟೆ ಮುಚ್ಚುತ್ತೇನೆ. ಇಲ್ಲದಿದ್ದರೆ ಪಿಕಳಾರ ಹಕ್ಕಿ ತನ್ನದೇ ಬಿಂಬದ ಜೊತೆ ಕಾದಾಡಿ ಕೊಕ್ಕು ನೋಯಿಸಿಕೊಳ್ಳುತ್ತದೆ, ಪಾಪ.

ಮಳೆಗಾಲದಲ್ಲಿ ಕನ್ನಡಿ ಮತ್ತೆ ಅಟ್ಟಕ್ಕೆ. ಮೋಡದ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಅದನ್ನು ಹಿಡಿದು ಒಂದು ಕಡೆ ಎಸೆಯಲು ಆಗುವುದಿಲ್ಲ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಶಿರಸಿಯ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಆಗಸ್ಟ್ ನಡುವಿನವರೆಗೆ ಉತ್ತರಕ್ಕೇ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ನನ್ನ ಸ್ಟ್ಯಾಂಡು ಆಗ ಹೊಂದುವುದಿಲ್ಲ.

ಉಳಿದ ತೊಂದರೆ ಒಂದೇ, ಸೂರ್ಯ ನಿಲ್ಲುವುದಿಲ್ಲ. ಹತ್ತು ನಿಮಿಷಕ್ಕೆ ಚೌಕ ಹತ್ತು ಇಂಚಿನಷ್ಟು ಪೂರ್ವಕ್ಕೆ ಸರಿಯುತ್ತದೆ. ಅಡುಗೆ ಬಿಟ್ಟು ಆಯಿ ಹಿತ್ತಲಿಗೆ ಓಡಾಡುವುದು ಹೇಗೆ? ಸ್ಟ್ಯಾಂಡಿನ ತಲೆಗೆ ಬಾಗಿಲಿನ ತಿರುಗಣಿ ಹಾಕಿದೆ. ಕನ್ನಡಿಯ ಒಂದು ಬದಿಗೆ ಕಲ್ಲು ಕಟ್ಟಿ ಜಗ್ಗುವ ಹಾಗೆ ಮಾಡಿದೆ. ಇನ್ನೊಂದು ಬದಿಯಿಂದ ನೈಲಾನ್ ಹಗ್ಗ ಎಳೆದು ಕಿಟಕಿಯ ಸರಳಿಗೆ ತಂದೆ. ಹಗ್ಗದಲ್ಲಿ ಆರು ಗಂಟು. ಆಯಿ ಸಾರಿಗೆ ಒಗ್ಗರಣೆ ಹಾಕುವ ನಡುವೆ ಕೈ ಚಾಚಿ ಒಂದು ಗಂಟು ಎಳೆದು ಸರಳಿಗೆ ಸಿಕ್ಕಿಸುತ್ತಾಳೆ. ಚೌಕ ಮತ್ತೆ ಸುಣ್ಣದ ಮೇಲೆ ಬಂದು ನಿಲ್ಲುತ್ತದೆ. ಆರನೆಯ ಗಂಟಿನ ಹೊತ್ತಿಗೆ ಊಟಕ್ಕೆ ಕರೆಯುತ್ತಾಳೆ.