ಹಳದಿ ಚೀಲ, ಕೆಂಪು ಚೀಲ ಮತ್ತು ನಮ್ಮ ಚಿಮಣಿ

ಆಸ್ಪತ್ರೆಗಳ ಕಸ ಸುಡುವ ಘಟಕವೊಂದರಲ್ಲಿ ನಾನು ಪರಿಸರ ಎಂಜಿನಿಯರ್. ಅದಕ್ಕೂ ಮುಂಚೆ ಪ್ರಯೋಗಾಲಯದ ಪರವಾಗಿ ಇಂಥದ್ದೇ ಘಟಕಗಳ ಚಿಮಣಿ ಹತ್ತಿ ಹೊಗೆ ಅಳೆಯುತ್ತಿದ್ದೆ. ಎರಡೂ ಕಡೆ ನಿಂತು ನೋಡಿದ್ದರಿಂದ ಕೆಲವು ವಿಷಯ ಹೇಳಬೇಕು ಅನ್ನಿಸಿತು.

ಆಸ್ಪತ್ರೆ ಕಸದ (ಜೈವಿಕ ವೈದ್ಯಕೀಯ ತ್ಯಾಜ್ಯ) ನಿರ್ವಹಣೆಯ 2016ರ ನಿಯಮದ ಪ್ರಕಾರ ಚಿಮಣಿ ಕನಿಷ್ಠ 30 ಮೀಟರ್ ಎತ್ತರ ಇರಬೇಕು. ಅದರ ನಡುವೆ ಒಂದು ತೂತು, ಪಕ್ಕದಲ್ಲಿ ನಿಲ್ಲಲು ಕಬ್ಬಿಣದ ಅಟ್ಟಣೆ. ಉಪಕರಣದ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಮೇಲೆಳೆದುಕೊಳ್ಳುತ್ತೇವೆ. ಮೊದಲು ಪಿಟಾಟ್ ಟ್ಯೂಬ್ ತೂರಿಸಿ ಹೊಗೆಯ ವೇಗ ನೋಡಬೇಕು. ಆಮೇಲೆ ಅದೇ ವೇಗದಲ್ಲಿ ಹೊಗೆಯನ್ನು ಹೀರಬೇಕು. ಜಾಸ್ತಿ ಎಳೆದರೆ ಅಕ್ಕಪಕ್ಕದ ಗಾಳಿಯೂ ಒಳಗೆ ಬರುತ್ತದೆ, ಭಾರದ ಕಣಗಳು ಮಾತ್ರ ತಿರುಗದೆ ನೇರ ಮೇಲೆ ಹೋಗಿಬಿಡುತ್ತವೆ. ಆಗ ದೂಳು ಕಡಿಮೆ ಇದೆ ಅಂತ ಸುಳ್ಳು ಅಂಕಿ ಸಿಗುತ್ತದೆ.

ಆಮ್ಲಜನಕದ ಲೆಕ್ಕ ಅದಕ್ಕಿಂತ ಮುಖ್ಯ. ದೂಳಿನ ಮಿತಿ ಒಂದು ಘನ ಮೀಟರಿಗೆ 50 ಮಿಲಿಗ್ರಾಂ. ಆದರೆ ಅದು ಹೊಗೆಯಲ್ಲಿ 11% ಆಮ್ಲಜನಕ ಇದ್ದಾಗಿನ ಮಿತಿ. ಒಮ್ಮೆ ನನಗೆ 34 ಬಂತು. ಪಕ್ಕದಲ್ಲಿದ್ದವರಿಗೆ ಖುಷಿಯೋ ಖುಷಿ. ಆಮ್ಲಜನಕ ನೋಡಿದರೆ 16%. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ 21%. 21ರಲ್ಲಿ 11 ಕಳೆದರೆ 10, 21ರಲ್ಲಿ 16 ಕಳೆದರೆ 5. ಅಂದರೆ ಎರಡು ಪಟ್ಟು. ನಿಜವಾದ ಅಂಕಿ 68. ಎಲ್ಲೋ ಬಿರುಕಿನಿಂದ ಹೊರಗಿನ ಗಾಳಿ ನುಗ್ಗಿ ಹೊಗೆಯನ್ನು ತೆಳು ಮಾಡಿತ್ತು ಅಷ್ಟೆ. ಹಾಲಿಗೆ ನೀರು ಬೆರೆಸಿದರೆ ಕೊಬ್ಬು ಕಡಿಮೆ ಕಾಣುತ್ತದೆ, ಅಲ್ವಾ? ಹಾಗೆಯೇ ಇದು. ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಆಮ್ಲಜನಕದ ಸಾಲನ್ನೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಡಯಾಕ್ಸಿನ್ ಬಗ್ಗೆ, ಕಸ ಸುಡುವಾಗ ಹುಟ್ಟುವ ಕಡುವಿಷ ಅದು. ಅದರ ಮಿತಿ ಒಂದು ಘನ ಮೀಟರಿಗೆ 0.1 ನ್ಯಾನೋಗ್ರಾಂ. ಅದನ್ನು ಅಳೆಯಲು ಎಂಟು ಗಂಟೆ ಹೊಗೆ ಹೀರಬೇಕು. ಪರೀಕ್ಷೆ ವರ್ಷಕ್ಕೊಂದು ಸಲ. ಉಳಿದ 364 ದಿನ ಏನು ಮಾಡೋದು? ಡಯಾಕ್ಸಿನ್ ಹುಟ್ಟಲು ಬೇಕಾದ ಸಾಮಾನುಗಳನ್ನೇ ಕಾಯಬೇಕು. ಕ್ಲೋರಿನ್ ಇರಬಾರದು. ಉರಿ ಅರೆಬರೆ ಆಗಬಾರದು. ಕಸ ಉರಿದ ಹೊಗೆಯನ್ನು ಮತ್ತೆ ಸುಡುವ ಎರಡನೇ ಕೋಣೆಯಲ್ಲಿ ಶಾಖ 1050 ಡಿಗ್ರಿ ಆಸುಪಾಸು ಇರಬೇಕು, ಹೊಗೆ ಅಲ್ಲಿ ಎರಡು ಸೆಕೆಂಡಾದರೂ ನಿಲ್ಲಬೇಕು. ಆಮೇಲೆ ಬೇಗ ತಣ್ಣಗಾಗಬೇಕು, ಯಾಕೆಂದರೆ 200ರಿಂದ 400 ಡಿಗ್ರಿ ನಡುವೆ ನಿಧಾನವಾಗಿ ತಣಿದರೆ ಡಯಾಕ್ಸಿನ್ ಮತ್ತೆ ಕಟ್ಟಿಕೊಳ್ಳುತ್ತದೆ.

ಒಂದು ಮಳೆಗಾಲ ನಮ್ಮಲ್ಲಿ, ಕ್ಲೋರಿನ್ ಇರುವ ಕಸ ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಮಿತಿ ದಾಟತೊಡಗಿತು. ಅದಕ್ಕೂ 50 ಮಿಲಿಗ್ರಾಂ ಮಿತಿ. ಹೊಗೆ ತೊಳೆಯುವ ಸ್ಕ್ರಬ್ಬರಿಗೆ ಕ್ಷಾರ ಜಾಸ್ತಿ ಹಾಕಿದೆವು, ಅಂಕಿ ಇಳಿಯಿತು. ನನಗೆ ಸಮಾಧಾನ ಆಗಲಿಲ್ಲ. ಇಷ್ಟು ಕ್ಲೋರಿನ್ ಬಂದದ್ದಾದರೂ ಎಲ್ಲಿಂದ? ಸುರಕ್ಷಾ ಉಡುಪು ಹಾಕಿಕೊಂಡು ಆವತ್ತಿನ ಕೆಲವು ಹಳದಿ ಚೀಲ, ಅಂದರೆ ಸುಡುವ ಕಸದ ಚೀಲ, ಬಿಚ್ಚಿಸಿದೆ. ಒಳಗೆ ಡ್ರಿಪ್ ಕೊಳವೆ, ಮೂತ್ರದ ಚೀಲ, ಕೈಗವಸು. ಎಲ್ಲವೂ ಕೆಂಪು ಚೀಲಕ್ಕೆ ಹೋಗಿ, ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಸೋಂಕು ಕಳೆದು, ಪುಡಿಯಾಗಬೇಕಾದ ಪ್ಲಾಸ್ಟಿಕ್. ಅದರಲ್ಲಿ ಬಹಳಷ್ಟು ಪಿವಿಸಿ, ಅಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್. ಇನ್ನೊಂದು ಚೀಲದಿಂದ ಬ್ಲೀಚಿಂಗ್ ವಾಸನೆ ಹೊಡೆಯುತ್ತಿತ್ತು. ಸೋಂಕು ಹರಡಬಾರದು ಅಂತ ಯಾರೋ ಒಳ್ಳೆ ಮನಸ್ಸಿನಿಂದಲೇ ಸುರಿದಿದ್ದರು. ಸುಡುವ ಕಸಕ್ಕೆ ಕ್ಲೋರಿನ್ ಔಷಧ ಹಾಕಲೇಬಾರದು ಅಂತ ನಿಯಮದಲ್ಲೇ ಇದೆ.

ಬಾರ್‌ಕೋಡ್ ಹಿಡಿದು ಚೀಲ ಎಲ್ಲಿಂದ ಬಂತು ಅಂತ ಹುಡುಕಿದೆ. ಬರೀ ನೋಟಿಸ್ ಕಳಿಸಿದರೆ ಅದು ಆಡಳಿತದವರ ಫೈಲಿನಲ್ಲೇ ಉಳಿಯುತ್ತದೆ. ಹಾಗಾಗಿ ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ನಾನೇ ವಾರ್ಡಿಗೆ ಹೋದೆ. ಕಸ ಎತ್ತುವ ಅಕ್ಕಂದಿರ ಜೊತೆ ಕೂತೆ. ಅಲ್ಲಿ ಕೆಂಪು ಚೀಲ ಖಾಲಿಯಾಗಿ ಎರಡು ವಾರ ಆಗಿತ್ತು! ಕೈಗೆ ಸಿಕ್ಕ ಚೀಲಕ್ಕೆ ತುಂಬದೆ ಅವರಾದರೂ ಏನು ಮಾಡಬೇಕಿತ್ತು? ಚೀಲ ತರಿಸಿದ ಮೇಲೆ, ಕ್ಷಾರವನ್ನು ಹಿಂದಿನ ಪ್ರಮಾಣಕ್ಕೇ ಇಳಿಸಿದರೂ ಅಂಕಿ ಮಿತಿಯೊಳಗೆ ನಿಂತಿತು.

ಆನ್‌ಲೈನ್ ಮೀಟರುಗಳ ಅಂಕಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರಿಗೆ ನೇರ ಹೋಗುತ್ತದೆ. ಒಳ್ಳೆಯದೇ. ಆದರೆ ಗ್ರಾಫಿನ ಗೆರೆ ಗಂಟೆಗಟ್ಟಲೆ ಅಡಿಕೋಲಿನ ಹಾಗೆ ನೆಟ್ಟಗಿದ್ದರೆ ನನಗೆ ಅನುಮಾನ. ಉರಿಯುವ ಒಲೆ ಹಾಗಿರಲ್ಲ. ತಕ್ಷಣ ಅಳತೆ ಗೊತ್ತಿರುವ ಅನಿಲ ಬಿಟ್ಟು ಸೆನ್ಸರ್ ಪರೀಕ್ಷೆ ಮಾಡಿಸುತ್ತೇನೆ.

ಬೇಲಿಯಾಚೆ ತೋಟದ ಯಜಮಾನರಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ವಾಸನೆ ಬಂದರೆ ಎಷ್ಟೊತ್ತಾದರೂ ಫೋನ್ ಮಾಡಿ ಅಂದಿದ್ದೇನೆ. ಹೋದ ಚಳಿಗಾಲ ಬೆಳಗಿನ ಜಾವ 5:40ಕ್ಕೆ ಮಾಡಿದರು. ಬಚ್ಚಲ ಒಲೆಗೆ ಹಸಿ ಸೌದೆ ಒಟ್ಟಿದ ಹಾಗಿದೆ ಅಂದರು. ಹೋಗಿ ಶಾಖದ ಗ್ರಾಫ್ ತೆಗೆದೆ. 5:25ಕ್ಕೆ ಎರಡನೇ ಕೋಣೆ 870ಕ್ಕೆ ಇಳಿದಿತ್ತು. ಒದ್ದೆ ಕಸ ಒಟ್ಟಿಗೇ ಜಾಸ್ತಿ ಬಿದ್ದಿತ್ತು, ಮೇಲಿಂದ ಬರ್ನರಿನ ನಾಜಲ್ ಕಟ್ಟಿಕೊಂಡಿತ್ತು. ಕಸ ಹಾಕೋದು ನಿಲ್ಲಿಸಿ ನಾಜಲ್ ಬದಲಿಸಿದೆವು. ಮತ್ತೆ 1050 ಮುಟ್ಟಿದ ಮೇಲೆ ಅವರಿಗೆ ಫೋನ್ ಮಾಡಿ, ಈಗ ಹೇಗಿದೆ ಅಂತ ಕೇಳಿದೆ.