ಮಳೆಗಾಲದ ಬೆಳಗ್ಗೆ ಆನ್ ಆಗದ ಕಂಪ್ಯೂಟರ್: ನೇರಳೆ ವೈರಿಗೆ ಲೋಡ್ ಕೊಟ್ಟು ನೋಡಿದೆ

ಮೂಡಿಗೆರೆ ಕಡೆಯ ಕಾಫಿ ತೋಟದ ಆಫೀಸಿನ ಕಂಪ್ಯೂಟರ್ ಅದು. ಜುಲೈ ತಿಂಗಳು, ಮಳೆ ಬಿಟ್ಟೇ ಇರಲಿಲ್ಲ. ಬೆಳಗ್ಗೆ ಬಟನ್ ಒತ್ತಿದರೆ ಅಲುಗಾಡುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಆನ್ ಆಗುತ್ತಿತ್ತು. ಎರಡು ಅಂಗಡಿಯವರು ನೋಡಿ, ‘ಮದರ್‌ಬೋರ್ಡಿಗೆ ಥಂಡಿ ಹಿಡಿದಿದೆ, ಬದಲಾಯಿಸಿ’ ಅಂದಿದ್ದರು. ಹೇಳಿದ ರೇಟು ಹತ್ತಿರ ಹತ್ತಿರ 6,500. ತೋಟದ ಲೆಕ್ಕ ನೋಡುವ ರೈಟರು ಅದನ್ನು ಗೋಣಿಚೀಲ ಸುತ್ತಿ ನನ್ನ ಅಂಗಡಿಗೆ ತಂದರು.

ಆ ಅಂಗಡಿಯವರು ಮಾಡಿದ ಪರೀಕ್ಷೆ ನಾವೆಲ್ಲ ಮಾಡುವುದೇ. ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಬಿಚ್ಚಿ, ಹಸಿರು ವೈರನ್ನು ಕಪ್ಪಿಗೆ ಸೇರಿಸುವುದು. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ ಇದೆ ಅನ್ನುವುದು. ಒಮ್ಮೆ ಇದನ್ನೇ ನಂಬಿ 3,500 ಕೊಟ್ಟು ಸೆಕೆಂಡ್ ಹ್ಯಾಂಡ್ ಬೋರ್ಡ್ ತಂದು ಹಾಕಿದ್ದೆ. ಅದೇ ರೋಗ. ದುಡ್ಡು ನನ್ನ ಕೈಯಿಂದಲೇ ಹೋಯಿತು.

ಆಮೇಲೆ ಹೊಳೆಯಿತು. ಬಟನ್ ಎಸ್‌ಎಂಪಿಎಸ್‌ಗೆ ನೇರವಾಗಿ ಏನೂ ಹೇಳುವುದಿಲ್ಲ, ಬೋರ್ಡಿಗೆ ಹೇಳುತ್ತದೆ. ಬೋರ್ಡು ಹಸಿರು ವೈರಿನ ವೋಲ್ಟೇಜನ್ನು ಸೊನ್ನೆಯ ಹತ್ತಿರಕ್ಕೆ ಎಳೆಯುತ್ತದೆ, ಆಗ ಎಸ್‌ಎಂಪಿಎಸ್ ಆನ್ ಆಗುತ್ತದೆ. ಹಾಗೆ ಎಳೆಯುವುದಕ್ಕೆ ಬೋರ್ಡು ಮೊದಲೇ ಎಚ್ಚರ ಇರಬೇಕು, ಅಲ್ವಾ? ಎಚ್ಚರ ಇಡುವುದು, ಬಟನ್ ಒತ್ತುವ ಮೊದಲೂ ಬರುತ್ತಲೇ ಇರುವ, ನೇರಳೆ ವೈರಿನ 5 ವೋಲ್ಟ್ ಸ್ಟ್ಯಾಂಡ್‌ಬೈ.

ಈ ಸಲ ಎಸ್‌ಎಂಪಿಎಸ್ಸನ್ನು ಬೋರ್ಡಿನಿಂದ ಬಿಚ್ಚಿ ಅಳೆದರೆ ನೇರಳೆಯಲ್ಲಿ 4.9 ವೋಲ್ಟ್. ಯಾರು ನೋಡಿದರೂ ಸರಿ ಇದೆ ಅನ್ನುತ್ತಾರೆ. ಬೋರ್ಡಿಗೆ ಹಾಕಿ, ಕನೆಕ್ಟರ್ ಹಿಂದಿನಿಂದ ಮೀಟರ್ ಮುಳ್ಳು ಚುಚ್ಚಿ ನೋಡಿದೆ. 3.8! 4.75ಕ್ಕಿಂತ ಕೆಳಗೆ ಇಳಿಯಬಾರದು. ಈಗ ಬೋರ್ಡೇ ಶಾರ್ಟ್ ಆಗಿ ಎಳೆಯುತ್ತಿದೆಯೋ, ಎಸ್‌ಎಂಪಿಎಸ್ಸೇ ಸೋತಿದೆಯೋ? ಬೋರ್ಡ್ ಬಿಚ್ಚಿ, ನೇರಳೆ–ಕಪ್ಪು ಮಧ್ಯೆ 10 ಓಮ್ ರೆಸಿಸ್ಟರ್ ಹಾಕಿದೆ. ಅಂದರೆ ಸುಮಾರು ಅರ್ಧ ಆಂಪಿಯರ್ ಕರೆಂಟ್ ಎಳೆಯುವ ಲೋಡ್. ಆಗಲೂ 4ರ ಹತ್ತಿರ. ಬೋರ್ಡಿನ ತಪ್ಪಿಲ್ಲ ಅಂತ ಅಲ್ಲೇ ತೀರ್ಮಾನ ಆಯಿತು. ರೆಸಿಸ್ಟರ್ 5 ವ್ಯಾಟಿನದೇ ಇರಲಿ. ಮೊದಲ ಸಲ ಕಾಲು ವ್ಯಾಟಿನದು ಹಾಕಿ ಅಂಗಡಿ ತುಂಬ ಹೊಗೆ ಎಬ್ಬಿಸಿದ್ದೆ.

‘ಎಲ್ಲರೂ ಸತ್ತಿದೆ ಅಂದದ್ದನ್ನ ಹಿಡ್ಕೊಂಡು ಕೂತಿದ್ದೀರಲ್ಲ’ ಅಂದರು ರೈಟರು. ‘ಬೋರ್ಡ್ ಚೆನ್ನಾಗಿದೆ ಸಾರ್, ಸಂಜೆ ಬನ್ನಿ’ ಅಂದೆ.

ಕಾಯುವಾಗ ಒಂದು ಪ್ರಯೋಗ ಮಾಡಿದೆ. ಮನೆಯಿಂದ ಹೇರ್ ಡ್ರೈಯರ್ ತರಿಸಿ ಎಸ್‌ಎಂಪಿಎಸ್ಸಿಗೆ ಮಾತ್ರ ಬಿಸಿ ಗಾಳಿ ಬಿಟ್ಟೆ, ಬೋರ್ಡಿಗೆ ಅಲ್ಲ. ಐದಾರು ನಿಮಿಷಕ್ಕೆ ವೋಲ್ಟೇಜ್ ಏರಿ ಕಂಪ್ಯೂಟರ್ ಆನ್ ಆಯಿತು. ವೋಲ್ಟೇಜನ್ನು ಸ್ಥಿರವಾಗಿಡುವ ಕೆಪಾಸಿಟರ್ ಒಳಗೆ ಒಣಗಿದೆ, ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತಿದೆ. ಮಧ್ಯಾಹ್ನ ಯಾಕೆ ಆನ್ ಆಗುತ್ತಿತ್ತು ಅನ್ನುವುದಕ್ಕೂ ಅದೇ ಉತ್ತರ.

ಎಸ್‌ಎಂಪಿಎಸ್ ತೆರೆದರೆ ಒಂದು ಕೆಪಾಸಿಟರೂ ಉಬ್ಬಿರಲಿಲ್ಲ. ಕಣ್ಣಿನಲ್ಲಿ ನೋಡಿ ಬಿಟ್ಟಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ. ಸ್ಟ್ಯಾಂಡ್‌ಬೈ ಲೈನಿನ ಎರಡು 1000 ಮೈಕ್ರೋಫ್ಯಾರಡ್ ತೆಗೆದು 105 ಡಿಗ್ರಿ ಬಿಸಿ ತಡೆಯುವ ಹೊಸದು ಹಾಕಿದೆ. ಎರಡಕ್ಕೂ ಸೇರಿ ಮೂವತ್ತೋ ನಲವತ್ತೋ ರೂಪಾಯಿ. ಮೂರನೆಯದೊಂದು ಸಣ್ಣದು ಬದಲಾಯಿಸುತ್ತೇನೆ, ಅದು ಎಲ್ಲಿಯದು ಅಂತ ಇಲ್ಲಿ ಬರೆಯುವುದಿಲ್ಲ. ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರುತ್ತದೆ, ಖಾಲಿ ಮಾಡದೆ ಕೈ ಹಾಕಬೇಡಿ. ಈಗ ಲೋಡಿನಲ್ಲೂ 5.0.

ವಾರದ ನಂತರ ಫೋನ್ ಬಂತು. ಆನ್ ಆಗುತ್ತದೆ, ನಾಲ್ಕೈದು ಸೆಕೆಂಡಿಗೆ ಆಫ್. ‘ನಾಲ್ಕು’ ಅಂದ ಕೂಡಲೇ ಗೊತ್ತಾಯಿತು. ಬಟನ್ ಒತ್ತಿ ಹಿಡಿದರೆ ಆಫ್ ಆಗುವುದೂ ಅಷ್ಟಕ್ಕೇ. ತೋಟಕ್ಕೇ ಹೋಗಿ ಬಟನ್ ವೈರ್ ಕಿತ್ತು, ಬೋರ್ಡಿನ ಎರಡು ಪವರ್ ಪಿನ್ನಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ. ಆನ್ ಆಯಿತು, ಹಾಗೇ ಉಳಿಯಿತು. ಬಟನ್ ಒತ್ತದೆಯೇ ಅಳೆದರೆ ಒಂದೆರಡು ಕಿಲೋ ಓಮ್ ತೋರಿಸುತ್ತಿತ್ತು, ಬೋರ್ಡಿಗೆ ಅದು ಒತ್ತಿ ಹಿಡಿದ ಹಾಗೇ. ಒಳಗೆಲ್ಲ ಹಸಿರು ಕಿಲುಬು. ಯಾರೂ ಮುಟ್ಟದ ರೀಸೆಟ್ ಬಟನ್ನಿನ ವೈರನ್ನೇ ಪವರ್ ಪಿನ್ನಿಗೆ ಹಾಕಿದೆ. ಖರ್ಚು ಸೊನ್ನೆ.

ಬಟನ್ನಿನದು ಸಣ್ಣ ವೋಲ್ಟೇಜಿನ ವೈರ್ ತಾನೇ ಅಂತ, ಆಮೇಲೆ ನನ್ನ ಅಂಗಡಿಯ ಕಂಪ್ಯೂಟರಿಗೆ 15 ಅಡಿ ವೈರ್ ಎಳೆದು ಕಾಲಿಂಗ್ ಬೆಲ್ ಸ್ವಿಚ್ ಹಾಕಿದೆ. ಬಾಗಿಲ ಪಕ್ಕದಿಂದಲೇ ಆನ್ ಮಾಡುತ್ತೇನೆ.

ತೋಟದವರಿಂದ ಒಟ್ಟು 600 ತೆಗೆದುಕೊಂಡೆ. ಇದು ಮೂರನೇ ಮಳೆಗಾಲ. ಬೆಳಗ್ಗೆ ಏಳಕ್ಕೇ ಆನ್ ಆಗುತ್ತಿದೆ.