ಹರಿದ ಹಾಳೆಯ ಬೆನ್ನಿಗೆ ಇವತ್ತಿನ ಇತಿಹಾಸ: ನನ್ನ ಅನುಭವ

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಕರ್ನಾಟಕದ ಇತಿಹಾಸ ಹಾಕಿದರೆ ಹಾಕಿದ ದುಡ್ಡೂ ಬರಲ್ಲ ಅಂತ ನಮ್ಮ ಪ್ರೆಸ್ ಬೀದಿಯಲ್ಲಿ ಹೇಳದವರೇ ಇರಲಿಲ್ಲ. ಈ ಸಲ ದೀಪಾವಳಿಗೆ ಮುಂಚೆಯೇ ಮಾಲು ಪೂರ್ತಿ ಬುಕ್ ಆಗಿ, ಮತ್ತೊಮ್ಮೆ ಮಷಿನ್ ಏರಿಸಿದ್ದೇನೆ. ಈಗ ಅದೇ ಬೀದಿಯವರು ಚಹಾ ಕುಡಿಸಿ, ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದುಬಿಡುತ್ತೇನೆ. ಪ್ಲೇಟ್, ಪ್ರೂಫ್, ಬೈಂಡಿಂಗ್ ಎಲ್ಲ ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಮೊದಲ ವರ್ಷ ಘಟನೆಯನ್ನು ತಾರೀಖಿನ ಕೆಳಗೇ ಹಾಕಿದ್ದೆ, ರಾಹುಕಾಲದ ಜಾಗದಲ್ಲಿ. ಕಿರಾಣಿ ಅಂಗಡಿಯವರು ನೋಡಿ ವಾಪಸ್ ಕೊಟ್ಟರು. "ಅಣ್ಣಾ, ಗಿರಾಕಿಗೆ ಯುದ್ಧ ಯಾಕೆ ಬೇಕು, ಅಮಾವಾಸ್ಯೆ ಯಾವತ್ತು ಅಂತ ಬೇಕು." ಸಂಕ್ರಾಂತಿ ದಾಟಿದ ಕ್ಯಾಲೆಂಡರಿನ ಬೆಲೆ ಏನೆಂದು ನಿಮಗೆ ಹೇಳಬೇಕಿಲ್ಲ. ರದ್ದಿಗೆ ಹೋಯಿತು. ಸುಮಾರು 40,000 ರೂಪಾಯಿ ಕೈಬಿಟ್ಟಿತು.

ಮುಂದಿನ ವರ್ಷ ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಮುಂದಕ್ಕೆ ಬಂತು, ಇತಿಹಾಸ ಹಾಳೆಯ ಬೆನ್ನಿಗೆ ಹೋಯಿತು. ಹಾಳೆ ಹರಿದವರು ಉಂಡೆ ಮಾಡುವ ಮೊದಲು ಒಮ್ಮೆ ತಿರುಗಿಸಿ ನೋಡಿಯೇ ನೋಡುತ್ತಾರೆ. ಆದರೆ ಬೆಳಿಗ್ಗೆ ಹರಿಯುವುದು ನಿನ್ನೆಯ ಹಾಳೆ. ಹಾಗಾಗಿ 24ರ ಬೆನ್ನಿಗೆ 25ರ ಘಟನೆ ಬರಬೇಕು. ಹಿಂಬದಿ ಪ್ಲೇಟಿನಲ್ಲಿ ಎಲ್ಲವೂ ಒಂದು ಮನೆ ಜರುಗಬೇಕು. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗ ಇದನ್ನು ಕೇಳಿ ತಲೆ ಹಿಡಿದುಕೊಂಡ. ಜನವರಿ 1ರದ್ದು ಮೇಲಿನ ಕವರ್ ಹಾಳೆಯ ಬೆನ್ನಿಗೆ ಹೋಗುತ್ತದೆ. ಡಿಸೆಂಬರ್ 31ರ ಬೆನ್ನು ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವನ್ನು ನಾನು ಏನು ಮಾಡುತ್ತೇನೆ ಅನ್ನುವುದು ನನಗೇ ಇರಲಿ, ವರ್ಷಕ್ಕೆ ಒಂದು ಪ್ಲೇಟ್ ಸೆಟ್ಟಿನ ಖರ್ಚು ಅದರಲ್ಲೇ ಹುಟ್ಟುತ್ತದೆ.

ಕಾಗದ ಬಹಳ ಆಟ ಆಡಿಸಿತು. ತೆಳು ಮ್ಯಾಪ್‌ಲಿಥೋ ಕಾಗದದಲ್ಲಿ ಭಾನುವಾರದ ಕೆಂಪು ಬೆನ್ನಿಗೆ ಹಾಯ್ದು ಅಕ್ಷರವೇ ಕಾಣಲಿಲ್ಲ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ ಹಾಕಿದರೆ ಪ್ಯಾಡ್ ದಪ್ಪವಾಗಿ ತಗಡಿನ ಪಟ್ಟಿ ಬಾಯಿ ಬಿಟ್ಟಿತು, ಮಾರ್ಚ್ ಹೊತ್ತಿಗೆ ಗೋಡೆಯಿಂದ ಕಂತೆಗಟ್ಟಲೆ ಉದುರಿದ ದೂರು ಬಂದವು. ಕೊನೆಗೆ ನಡುವಿನದೊಂದು ತೂಕ ಹಿಡಿದು, ಹಿಂಬದಿಗೆ ಕಪ್ಪಿನ ಬದಲು ಬೇರೆ ಶಾಯಿ ಹಾಕಿದೆ. ಯಾವ ಶಾಯಿ ಅಂತ ಕೇಳಬೇಡಿ.

ಇನ್ನು ಒಳಗಿನ ಸರಕು. ಹುಟ್ಟುಹಬ್ಬ, ಪುಣ್ಯತಿಥಿ ಹಾಕುವುದಿಲ್ಲ, ಅವು ಎಲ್ಲ ಕ್ಯಾಲೆಂಡರಿನಲ್ಲೂ ಇವೆ. ಆ ದಿನ ಏನಾದರೂ ನಡೆದಿರಬೇಕು. ಎರಡನೆಯದು, ದಾಖಲೆ ಹೇಳುವ ವಾರಕ್ಕೂ ತಾರೀಖಿಗೂ ತಾಳೆಯಾಗದಿದ್ದರೆ ಆ ತಾರೀಖು ಬೇಡ. ಇದೇ ನನ್ನ ಇಡೀ ವಿಧಾನ. ವಿಜಯನಗರ ಸೋತ ರಕ್ಕಸ-ತಂಗಡಿ (ತಾಳಿಕೋಟೆ) ಯುದ್ಧವನ್ನೇ ತಗೊಳ್ಳಿ. 1565ರ ಜನವರಿ 23 ಅನ್ನುತ್ತಾರೆ, 26 ಎಂದೂ ಚಾಲ್ತಿಯಲ್ಲಿದೆ. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಹೇಳಿದ್ದು ಮಂಗಳವಾರ ಅಂತ. ಯುರೋಪಿನಲ್ಲಿ ಆಗ ನಡೆಯುತ್ತಿದ್ದ ಹಳೇ ಜೂಲಿಯನ್ ಕ್ಯಾಲೆಂಡರಿನ ಲೆಕ್ಕದಲ್ಲಿ 23 ಮಂಗಳವಾರವೇ ಬೀಳುತ್ತದೆ, 26 ಶುಕ್ರವಾರ. ಈಗಿನ ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಕ್ಕೆ ಎಳೆದರೆ 23 ಶನಿವಾರವಾಗಿ ಬರುತ್ತದೆ, ಅದನ್ನು ನೋಡಿ ಹೆದರಬಾರದು. 23 ಪಾಸು.

ಶಾಸನಗಳಿಗೂ ಇದೇ ಪರೀಕ್ಷೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲ ಕೊಟ್ಟಿದ್ದರೆ ಹಳೇ ಪಂಚಾಂಗವನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಲ್ಲಿ ಕೂಡಿಸಿ ನೋಡುತ್ತೇನೆ. ಶಕಕ್ಕೆ 78 ಕೂಡಿಸಿದರೆ ಇಸವಿ ಸಿಕ್ಕಿತು ಅಂದುಕೊಂಡವರು, ಶಾಸನ ಎಣಿಸಿದ್ದು ಮುಗಿದ (ಗತ) ವರ್ಷವೋ ನಡೆಯುತ್ತಿದ್ದ (ವರ್ತಮಾನ) ವರ್ಷವೋ ಅನ್ನುವ ಗುಂಡಿಗೆ ಬೀಳುತ್ತಾರೆ. ವಾರ ಕೂಡದಿದ್ದರೆ ಎಷ್ಟು ಚೆಂದದ ಶಾಸನವಾದರೂ ಬಿಡುತ್ತೇನೆ. ಕಿತ್ತೂರು ಚೆನ್ನಮ್ಮ ತೀರಿಕೊಂಡದ್ದು 1829ರ ಫೆಬ್ರುವರಿ 2 ಅಂತಲೂ ಇದೆ, 21 ಅಂತಲೂ ಇದೆ. ನಮಗೆ ಪುಣ್ಯತಿಥಿಯೇ ಬೇಡವಾದ್ದರಿಂದ ಆ ಜಗಳಕ್ಕೆ ಹೋಗಲಿಲ್ಲ. ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಸತ್ತು ಬಿದ್ದ 1824ರ ಅಕ್ಟೋಬರ್ 23, ಶನಿವಾರ, ಹಾಕಿದೆ.

ತಲೆನೋವು ಅಂದರೆ ಘಟನೆಗಳು ಸಮವಾಗಿ ಹಂಚಿಕೊಂಡಿಲ್ಲ. ಜೂನ್ 30ಕ್ಕೆ ಎರಡು: 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು. ನಾನು ವಿದ್ಯುತ್ ಆರಿಸಿದೆ, ಪಟ್ಟಾಭಿಷೇಕ ಎಲ್ಲರ ಹತ್ತಿರ ಇದೆ. ಜನವರಿ 26ಕ್ಕೆ ಗಣರಾಜ್ಯೋತ್ಸವ ಮುಂದೆ ಕೆಂಪಕ್ಷರದಲ್ಲಿ ಇದ್ದೇ ಇದೆ. ಅದರ ಘಟನೆ ಬರುವುದು 25ರ ಬೆನ್ನಿಗೆ, ಅಲ್ಲಿ 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು. ಡಿಸೆಂಬರ್ ಕೊನೆಯಂತೂ ತುಂಬಿ ತುಳುಕುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಎಷ್ಟೋ ದಾನಶಾಸನಗಳು ಉತ್ತರಾಯಣ ಸಂಕ್ರಾಂತಿಯವು, ಆಗ ಆ ಸಂಕ್ರಾಂತಿ ಬೀಳುತ್ತಿದ್ದದ್ದು ಡಿಸೆಂಬರ್ 24-25ಕ್ಕೆ. ಮರುದಿನವೇ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಜುಲೈ ಮಾತ್ರ ಒಣಗಿ ಕೂತಿರುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ಜುಲೈ 1, ಮೈಸೂರು ವಿಶ್ವವಿದ್ಯಾನಿಲಯ ಶುರುವಾದ 1916ರ ಜುಲೈ 27, ಇವೆರಡರ ನಡುವೆ ತುಂಬಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ತುಂಬಿಸಿದ್ದು ಎಲ್ಲಿಂದ ಅಂತ ಹೇಳಿದರೆ ಮುಂದಿನ ವರ್ಷ ನಾಲ್ಕು ಪ್ರೆಸ್ಸಿನವರು ಅದನ್ನೇ ಎತ್ತುತ್ತಾರೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಜೂಲಿಯನ್ ತಾರೀಖುಗಳನ್ನೆಲ್ಲ ಈಗಿನ ಲೆಕ್ಕಕ್ಕೆ ಜರುಗಿಸಿ ಒಂದು ಸಣ್ಣ ಲಾಟ್ ತೆಗೆದೆ, ರಕ್ಕಸ-ತಂಗಡಿ ಫೆಬ್ರುವರಿ 2ಕ್ಕೆ ಹೋಯಿತು. ಲೆಕ್ಕ ಸರಿ. ಆದರೆ ಹೈಸ್ಕೂಲ್ ಮೇಷ್ಟ್ರುಗಳೆಲ್ಲ ತಪ್ಪು ತಪ್ಪು ಅಂತ ಫೋನು ಮಾಡಿ ನನ್ನ ಊಟ ಕೆಡಿಸಿದರು. ಈಗ ಪುಸ್ತಕದ ತಾರೀಖೇ ಹಾಕುತ್ತೇನೆ.

ಜಿಲ್ಲೆಗೊಂದು ಆವೃತ್ತಿಯನ್ನೂ ಮಾಡಿ ನೋಡಿದೆ. ಶಿವಮೊಗ್ಗದ ಕಡೆಗೆ ಈಸೂರಿನ ಸ್ವಾತಂತ್ರ್ಯ ಹೋರಾಟಗಾರರ 1943ರ ಮಾರ್ಚ್ 8, 9, 10ರ ಗಲ್ಲುಗಳು, ಗೌರಿಬಿದನೂರಿನ ಕಡೆಗೆ ವಿದುರಾಶ್ವತ್ಥದ 1938ರ ಏಪ್ರಿಲ್ 25ರ ಗೋಲಿಬಾರು. ಜನ ಬಹಳ ಇಷ್ಟಪಟ್ಟರು. ಆದರೆ ಮೂವತ್ತು ಚಿಲ್ಲರೆ ಹಾಳೆ ಬದಲಿಸಲು ಹೊಸ ಪ್ಲೇಟ್, ಮಷಿನ್ ಹೊಂದಿಸುವ ಹೊಸ ಮೇಕ್‌ರೆಡಿ, ಲಾಭವೆಲ್ಲ ಅಲ್ಲೇ ಇಂಗಿತು. ಈಗ ಆ ಘಟನೆಗಳನ್ನು ಎಲ್ಲರ ಕ್ಯಾಲೆಂಡರಿಗೂ ಸೇರಿಸಿದ್ದೇನೆ.

ಲೆಕ್ಕ ಅಂದಾಜಿಗೆ: ಒಂದಕ್ಕೆ ಕೈಯಿಂದ ಐವತ್ತರ ಆಸುಪಾಸು ಬೀಳುತ್ತದೆ, ಹೆಸರು ಹಾಕಿಸಿ ಒಯ್ಯುವವರಿಗೆ 80ರವರೆಗೆ ಕೊಡುತ್ತೇನೆ. ಕಿರಾಣಿಯವರಿಗಿಂತ ಪತ್ತಿನ ಸಹಕಾರಿಗಳು, ಗೊಬ್ಬರದ ಅಂಗಡಿಗಳು ಒಳ್ಳೆಯ ಗಿರಾಕಿ. ಅಕ್ಟೋಬರಿನಲ್ಲೇ ಅಡ್ವಾನ್ಸ್ ಕೊಡುತ್ತಾರೆ, ಚೌಕಾಸಿ ಕಡಿಮೆ. ಅಡ್ವಾನ್ಸ್ ಇಲ್ಲದೆ ನಾನು ಕಾಗದ ಕೊಳ್ಳುವುದಿಲ್ಲ.

2028ಕ್ಕೆ ಫೆಬ್ರುವರಿ 29 ಬರುತ್ತದೆ. ಫೆಬ್ರುವರಿ 28ಕ್ಕೆ 2001ರಲ್ಲಿ ಕೋಲಾರದ ಗಣಿ ಮುಚ್ಚಿದ್ದು ಇದೆ, 29ಕ್ಕೆ ಏನೂ ಸಿಕ್ಕಿಲ್ಲ. ಮೊರಾರ್ಜಿ ದೇಸಾಯಿ ಹುಟ್ಟಿದ ದಿನ ಅದು, ಆದರೆ ಹುಟ್ಟುಹಬ್ಬ ನಾನು ಹಾಕುವುದಿಲ್ಲ. ವಾರ ತಾಳೆಯಾಗುವಂಥದ್ದು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಒಂದು ಡಜನ್ ಕ್ಯಾಲೆಂಡರ್ ಪುಕ್ಕಟೆ ಕಳಿಸುತ್ತೇನೆ.